ಓದುಗರ ಪ್ರಶ್ನೆ: ನೆರೆದೇಶದ ಬಾವಿಯ ತೈಲ ನಮ್ಮ ಕಡಲಿಗೆ ಬಂದರೆ?

ಪ್ರಶ್ನೆ: ಒಂದು ದೇಶದ ಕಡಲಿನಲ್ಲಿರುವ ತೈಲಬಾವಿ ಸೋರಿ, ಆ ತೈಲ ಇನ್ನೊಂದು ದೇಶದ ಕಡಲಿಗೆ ಹರಿದರೆ ತಡೆಯುವ ಹೊಣೆ ಯಾರದು? ಇದಕ್ಕೆ ಮೊದಲೇ ಸಿದ್ಧತೆ ಮಾಡಿಕೊಳ್ಳಲು ಸಾಧ್ಯವೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಮೊಂಟಾರ ಎಂಬ ಕಡಲ ತೈಲಬಾವಿಯಲ್ಲಿ ನಡೆದುದನ್ನು ನೋಡಿದರೆ ಸಿದ್ಧತೆ ಎಂದರೇನೆಂಬುದು ತಿಳಿಯುತ್ತದೆ. 2009ರ ಆಗಸ್ಟ್ 21ರಂದು, ಆಸ್ಟ್ರೇಲಿಯದ ವಾಯವ್ಯ ಕರಾವಳಿಯಿಂದ ಸುಮಾರು 250 ಕಿಲೋಮೀಟರ್ ದೂರದ ಟಿಮೋರ್ ಸಮುದ್ರದಲ್ಲಿ, ಥಾಯ್ಲೆಂಡ್ ಮೂಲದ ಪಿಟಿಟಿಇಪಿ ಕಂಪನಿಯ ಅಂಗಸಂಸ್ಥೆ ನಡೆಸುತ್ತಿದ್ದ ಈ ಬಾವಿ ಹಿಡಿತ ತಪ್ಪಿ ಉಕ್ಕಿತು. ಪಕ್ಕದಿಂದ ಇನ್ನೊಂದು ಬಾವಿ ಕೊರೆದು, ಅದರ ಮೂಲಕ ಭಾರವಾದ ಕೆಸರನ್ನು ತುಂಬಿ ಸೋರಿಕೆ ನಿಲ್ಲಿಸುವ ಹೊತ್ತಿಗೆ 74 ದಿನಗಳಾಗಿದ್ದವು. ಅಷ್ಟರಲ್ಲಿ ತೈಲ ಉತ್ತರಕ್ಕೆ ಸರಿದು ಇಂಡೊನೇಷ್ಯಾದ ಕಡಲನ್ನು ಹೊಕ್ಕಿತ್ತು. ರೋಟೆ ದ್ವೀಪದಲ್ಲಿ ಹಗ್ಗಗಳಿಗೆ ಕಟ್ಟಿ ಬೆಳೆಸಿದ್ದ ಕಡಲಪಾಚಿ ಬಿಳಿಚಿಕೊಂಡು ಸತ್ತಿತು. ಆ ಬೆಳೆಯ ಹಣದಿಂದಲೇ ಮಕ್ಕಳನ್ನು ಓದಿಸುತ್ತಿದ್ದ ಸಂಸಾರಗಳ ಕೈ ಬರಿದಾಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಕಡಲ ಮಾಲಿನ್ಯದ ತುರ್ತಿನಲ್ಲಿ ಪರಸ್ಪರ ಸಹಕರಿಸುವ ಒಪ್ಪಂದಕ್ಕೆ ಆಸ್ಟ್ರೇಲಿಯ ಮತ್ತು ಇಂಡೊನೇಷ್ಯಾ 1996ರಲ್ಲಿಯೇ ಸಹಿ ಹಾಕಿದ್ದವು. ಕಾಗದ ಇತ್ತು, ಆದರೂ ರೋಟೆಯ ರೈತರಿಗೆ ಅದರಿಂದ ರಕ್ಷಣೆ ಸಿಗಲಿಲ್ಲ. ಆದ್ದರಿಂದ ಒಪ್ಪಂದಕ್ಕಿಂತ ಅದರ ಕೆಳಗಿನ ವಿವರಗಳೇ ಮುಖ್ಯವೆಂದು ನನ್ನ ದೃಢವಾದ ಅಭಿಪ್ರಾಯ. ನೀರಿನ ಮೇಲಿನ ತೈಲವು ಪ್ರವಾಹದ ಜೊತೆಗೆ ಗಾಳಿಯ ವೇಗದ ಸುಮಾರು ಶೇ 3ರಷ್ಟು ವೇಗದಲ್ಲಿಯೂ ಸರಿಯುತ್ತದೆ. ಗಾಳಿ ಗಂಟೆಗೆ 30 ಕಿಲೋಮೀಟರ್ ಬೀಸಿದರೆ ಗಾಳಿಯೊಂದರಿಂದಲೇ ತೈಲ ದಿನಕ್ಕೆ 20 ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ತೈಲವನ್ನು ಚದುರಿಸುವ ರಾಸಾಯನಿಕವು ತೈಲ ಹೊಸದಾಗಿರುವಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಅಲೆಗಳ ಹೊಡೆತಕ್ಕೆ ನೀರು ಬೆರೆತು ತೈಲವು ಕಂದುಬಣ್ಣದ ದಪ್ಪ ಲೋಳೆಯಾದ ಮೇಲೆ ಅದನ್ನು ಸಿಂಪಡಿಸಿ ಹೆಚ್ಚಿನ ಪ್ರಯೋಜನವಿಲ್ಲ. ಹೀಗಿರುವಾಗ ಸಿಂಪಡಿಸುವ ವಿಮಾನ ಗಡಿ ದಾಟಲು ಅನುಮತಿ, ಸಿಬ್ಬಂದಿಗೆ ವೀಸಾ, ತೈಲ ಹರಡದಂತೆ ನೀರಿನ ಮೇಲೆ ಹಾಕುವ ತೇಲುಬೇಲಿಗಳಿಗೆ ಕಸ್ಟಮ್ಸ್ ವಿನಾಯಿತಿ, ಯಾವ ರಾಸಾಯನಿಕವನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು ಎಂಬ ತೀರ್ಮಾನ – ಇವನ್ನೆಲ್ಲ ಸೋರಿಕೆ ಆದ ಮೇಲೆ ಕಡತದಲ್ಲಿ ಓಡಾಡಿಸಿದರೆ ಅಮೂಲ್ಯವಾದ ಮೊದಲ ದಿನಗಳು ಕೈತಪ್ಪುತ್ತವೆ. ತೈಲ ಮಾಲಿನ್ಯ ಸನ್ನದ್ಧತೆಯ 1990ರ ಅಂತರರಾಷ್ಟ್ರೀಯ ಒಡಂಬಡಿಕೆಯು ಬಾಧಿತವಾಗಬಹುದಾದ ದೇಶಗಳಿಗೆ ತಡಮಾಡದೆ ಸುದ್ದಿ ಮುಟ್ಟಿಸಬೇಕು, ನೆರವಿಗೆ ಬರುವ ಹಡಗು, ವಿಮಾನ, ಸಲಕರಣೆಗಳಿಗೆ ದಾರಿ ಸುಗಮಗೊಳಿಸಬೇಕು ಎಂದು ಹೇಳುತ್ತದೆ. ಅದನ್ನು ಜಂಟಿ ಅಣಕು ಕಾರ್ಯಾಚರಣೆಗಳಲ್ಲಿ ನಿಜವಾದ ಅರ್ಜಿ, ನಿಜವಾದ ಕಸ್ಟಮ್ಸ್ ಅಧಿಕಾರಿಗಳೊಂದಿಗೆ ಪರೀಕ್ಷಿಸಿ ನೋಡಬೇಕು.

ಪ್ರಶ್ನೆ: ಹಾಗಾದರೆ ಪರಿಹಾರ ಕೊಡಬೇಕಾದವರು ಯಾರು?

ಉತ್ತರ: ತೈಲ ಟ್ಯಾಂಕರ್ ಹಡಗು ಸೋರಿದರೆ 1992ರ ಹೊಣೆಗಾರಿಕೆ ಒಡಂಬಡಿಕೆ ಮತ್ತು ಪರಿಹಾರ ನಿಧಿಗಳು ಅನ್ವಯವಾಗುತ್ತವೆ, ಭಾರತವೂ ಎರಡಕ್ಕೂ ಸೇರಿದೆ. ಕಡಲತಳದ ಬಾವಿ ಸೋರಿದರೆ ಅಂಥ ಜಾಗತಿಕ ವ್ಯವಸ್ಥೆ ಇಲ್ಲ. ಮೊಂಟಾರದ ನಂತರ ಇಂಡೊನೇಷ್ಯಾ ಈ ವಿಷಯವನ್ನು ಅಂತರರಾಷ್ಟ್ರೀಯ ಕಡಲ ಸಂಘಟನೆಯ ಮುಂದಿಟ್ಟಿತಾದರೂ, ಅದನ್ನು ದ್ವಿಪಕ್ಷೀಯ ಮತ್ತು ಪ್ರಾದೇಶಿಕ ಒಪ್ಪಂದಗಳಿಗೆ ಬಿಡಲಾಯಿತು. ರೋಟೆ ಮತ್ತು ಕುಪಾಂಗ್ ಪ್ರದೇಶದ ಸುಮಾರು 15,000 ಪಾಚಿ ಬೆಳೆಗಾರರು 2016ರಲ್ಲಿ ಆಸ್ಟ್ರೇಲಿಯದ ಫೆಡರಲ್ ನ್ಯಾಯಾಲಯದಲ್ಲಿ ಸಾಮೂಹಿಕ ಮೊಕದ್ದಮೆ ಹೂಡಬೇಕಾಯಿತು. ತೈಲ ತಮ್ಮ ಕರಾವಳಿಗೆ ಬಂದಿತ್ತೆಂಬುದನ್ನೇ ಅವರು ಸಾಬೀತುಪಡಿಸಬೇಕಾಗಿತ್ತು. 2021ರಲ್ಲಿ ನ್ಯಾಯಾಲಯ ಅವರ ಮಾತನ್ನು ಒಪ್ಪಿತು. 2022ರ ನವೆಂಬರಿನಲ್ಲಿ ಕಂಪನಿ 19.25 ಕೋಟಿ ಆಸ್ಟ್ರೇಲಿಯನ್ ಡಾಲರಿನ ರಾಜಿಗೆ ಸಮ್ಮತಿಸಿತು. ಬೆಳೆ ನಾಶವಾಗಿ 13 ವರ್ಷ ಕಳೆದಿತ್ತು. ಈ ಅನ್ಯಾಯ ಮತ್ತೆಲ್ಲೂ ಆಗಬಾರದೆಂದರೆ, ಕೊರೆಯಲು ಪರವಾನಗಿ ಕೊಡುವಾಗಲೇ ನೆರೆದೇಶದವರ ನಷ್ಟಕ್ಕೂ ಸಾಲುವಷ್ಟು ಠೇವಣಿ ಅಥವಾ ವಿಮೆಯನ್ನು ಕಂಪನಿಯಿಂದ ಕಡ್ಡಾಯವಾಗಿ ಪಡೆಯಬೇಕು.

ಪ್ರಶ್ನೆ: ನಮ್ಮ ಕಡೆಯ ಸ್ಥಿತಿ ಹೇಗಿದೆ? ಮೀನುಗಾರರು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: 1996ರ ರಾಷ್ಟ್ರೀಯ ತೈಲ ಸೋರಿಕೆ ವಿಪತ್ತು ಯೋಜನೆಯಂತೆ ಸಮನ್ವಯದ ಹೊಣೆ ಕರಾವಳಿ ಕಾವಲು ಪಡೆಯದು. ಭಾರತ, ಬಾಂಗ್ಲಾದೇಶ, ಮಾಲ್ಡೀವ್ಸ್, ಪಾಕಿಸ್ತಾನ ಮತ್ತು ಶ್ರೀಲಂಕಾಗಳಿಗಾಗಿ ಒಂದು ಪ್ರಾದೇಶಿಕ ಯೋಜನೆಯೂ ಇದೆ. 2020ರ ಸೆಪ್ಟೆಂಬರಿನಲ್ಲಿ, ಸುಮಾರು 2.7 ಲಕ್ಷ ಟನ್ ಕಚ್ಚಾತೈಲ ಹೊತ್ತು ಪಾರಾದೀಪಕ್ಕೆ ಬರುತ್ತಿದ್ದ ನ್ಯೂ ಡೈಮಂಡ್ ಟ್ಯಾಂಕರಿಗೆ ಶ್ರೀಲಂಕಾದ ಪೂರ್ವಕ್ಕೆ ಬೆಂಕಿ ಬಿದ್ದಾಗ ಎರಡೂ ದೇಶಗಳ ಪಡೆಗಳು ಕೂಡಿ ಅದನ್ನು ನಂದಿಸಿದವು. ಆದರೆ ನಮ್ಮ ಪಶ್ಚಿಮ ಕರಾವಳಿಗೆ ಮಳೆಗಾಲದ ಸಮಸ್ಯೆಯಿದೆ: ಆಗಿನ ಅಲೆಗಳಲ್ಲಿ ತೇಲುಬೇಲಿ ತೈಲವನ್ನು ಹಿಡಿದಿಡಲಾರದು, ತೀರದ ಪ್ರವಾಹವೂ ದಕ್ಷಿಣಕ್ಕೆ ಹರಿಯುತ್ತಿರುತ್ತದೆ. ಯೋಜನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಗೆ ಪ್ರತ್ಯೇಕ ವ್ಯವಸ್ಥೆ ಇರಲೇಬೇಕು.

ಮೀನುಗಾರರ ಸಹಕಾರ ಸಂಘಗಳು ಮಾಡಬಹುದಾದ ಕೆಲಸವೆಂದರೆ, ಬಲೆಗೆ ಬಿದ್ದ ಮೀನಿನ ತೂಕ ಮತ್ತು ಮಾರಾಟದ ಲೆಕ್ಕವನ್ನು ವರ್ಷವಿಡೀ ಬರೆದಿಡುವುದು. ನಷ್ಟವನ್ನು ತೋರಿಸಲು ಮೊದಲಿನ ಸ್ಥಿತಿಯ ದಾಖಲೆ ಬೇಕು. ಕಡಲಿನಲ್ಲಿ ತೈಲದ ಪದರ ಕಂಡರೆ ಕಾವಲು ಪಡೆಯ 1554 ಸಂಖ್ಯೆಗೆ ತಿಳಿಸಿ, ಜಿಪಿಎಸ್ ತೋರಿಸುವ ಸ್ಥಾನ ಮತ್ತು ಹೊತ್ತನ್ನು ಬರೆದುಕೊಂಡು ಫೋಟೊ ತೆಗೆಯಿರಿ. ತೀರಕ್ಕೆ ಬಂದ ಜಿಡ್ಡಿನ ಉಂಡೆಗಳನ್ನು ಬರಿಗೈಯಲ್ಲಿ ಮುಟ್ಟದೆ ಸ್ವಚ್ಛವಾದ ಗಾಜಿನ ಶೀಶೆಯಲ್ಲಿ ಹಾಕಿ, ದಿನಾಂಕ ಬರೆದು, ತಂಪಾದ ಕತ್ತಲೆಯ ಜಾಗದಲ್ಲಿಟ್ಟು ಅಧಿಕಾರಿಗಳಿಗೆ ಒಪ್ಪಿಸಿ. ಪ್ಲಾಸ್ಟಿಕ್ ಡಬ್ಬಿ ಬೇಡ. ಅದರ ಅಂಶಗಳು ತೈಲದೊಂದಿಗೆ ಬೆರೆತು ಪರೀಕ್ಷೆಯನ್ನು ಕೆಡಿಸುತ್ತವೆ, ಆ ತೈಲ ಯಾವ ಬಾವಿಯದೆಂದು ಪ್ರಯೋಗಾಲಯಕ್ಕೆ ಖಚಿತವಾಗಿ ಹೇಳಲು ಕಷ್ಟವಾಗುತ್ತದೆ.