ಸಾಫ್ಟ್‌ಬಾಲ್ ಆಡಿದರೆ ಮಗಳಿಗೆ ಮುಂದೆ ಏನು ಪ್ರಯೋಜನ?

ಶಿರಸಿಯ ತಾಯಿಯೊಬ್ಬರು ಹೀಗೆ ಕೇಳಿದ್ದಾರೆ. ಮಗಳು ಒಂಬತ್ತನೇ ಕ್ಲಾಸು.

ಕೆಲಸದ ಗ್ಯಾರಂಟಿ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಬೇಸ್‌ಬಾಲ್‌ನಂಥ ಈ ಆಟದಲ್ಲಿ ಹತ್ತು ಸಲ ಬ್ಯಾಟ್ ಹಿಡಿದು ಮೂರು ಸಲ ಹಿಟ್ ಹೊಡೆದರೂ ಒಳ್ಳೆಯ ಬ್ಯಾಟರ್ ಅನ್ನುತ್ತಾರೆ. ಉಳಿದ ಏಳು ಸಲ ಎಲ್ಲರೆದುರು ಸುಮ್ನೆ ನಡೆದು ಬಂದು ಕೂರಬೇಕು. ಎರಡು ಅಂಕ ಕಮ್ಮಿಯಾದರೆ ಅಳುವ ನಮ್ಮ ಮಕ್ಕಳಿಗೆ ಇದು ಬೇಕು, ಅಲ್ವಾ?

ನಾನು ಕಾರವಾರದಲ್ಲಿ ಕ್ಯಾಚರ್ ಆಗಿದ್ದೆ, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವಳು. ಇಡೀ ಮೈದಾನ ಎದುರಿಗೆ ಕಾಣುವುದು ಕ್ಯಾಚರ್‌ಗೆ. ಹಾಗಾಗಿ ಕೂಗಿ ಹೇಳುವ ಕೆಲಸವೂ ಜಾಸ್ತಿ ಅವಳದೇ. ನೆಂಟರು ಬಂದರೆ ಒಳಕೋಣೆ ಸೇರುತ್ತಿದ್ದ ನಾನು ಬಾಯಿಬಿಟ್ಟಿದ್ದು ಅಲ್ಲೇ.

ಅಂದಹಾಗೆ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ಮರಳುತ್ತಿದೆ. ಶಿರಸಿಯ ಮಳೆಗಾಲದಲ್ಲಿ ಮಾತ್ರ ಶಾಲೆಯ ಹಾಲ್‌ನಲ್ಲೇ ಕ್ಯಾಚ್ ಪ್ರಾಕ್ಟೀಸ್ ಮಾಡಿಸಿ.