ರೇಬೀಸ್ ಬೂಸ್ಟರ್‌ಗೆ ಹಿಂದಿನ ಬ್ರ್ಯಾಂಡೇ ಬೇಕಾ?

ಬೇಡ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ರೇಬಿಪುರ್ ಅನ್ನುವ ರೇಬೀಸ್ ಲಸಿಕೆಯ ಕೋರ್ಸ್ ಪೂರ್ತಿ ಮುಗಿಸಿದ್ದೀರಿ, ಈಗ ಕೊಪ್ಪಕ್ಕೆ ಬಂದಾಗ ಪಕ್ಕದ ಮನೆ ನಾಯಿ ಕಚ್ಚಿದೆ, ಅಲ್ಲಿ ಸಿಗುತ್ತಿರುವುದು ಅಭಯ್‌ರಾಬ್ ಅಂತ ಬರೆದಿದ್ದೀರಿ. ಸಿಕ್ಕಿದ್ದನ್ನು ಇವತ್ತೇ ಹಾಕಿಸಿಕೊಳ್ಳಿ. ಹಳೇ ಬ್ರ್ಯಾಂಡ್ ಹುಡುಕಿಕೊಂಡು ಚಿಕ್ಕಮಗಳೂರಿಗೆ ಓಡಾಡಿ ಸುಮ್ನೆ ದಿನ ಕಳೆಯಬೇಡಿ.

ನಾನು ಡಾಕ್ಟರ್ ಅಲ್ಲ, ಮೂಡಿಗೆರೆಯಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ಮಲೆನಾಡಿನಲ್ಲಿ ನಾಯಿ ಇಲ್ಲದ ಎಸ್ಟೇಟ್ ಇಲ್ಲ, ಹಾಗಾಗಿ ಈ ಪ್ರಶ್ನೆ ಅಂಗಡಿಗೆ ಬರುತ್ತಲೇ ಇರುತ್ತದೆ. ಜನರಿಗೆ ಮೊದಲ ಅನುಮಾನ ಅಳತೆಯದ್ದು. ರೇಬಿಪುರ್ ಡೋಸ್ 1 ಎಂಎಲ್, ಅಭಯ್‌ರಾಬ್ 0.5 ಎಂಎಲ್. "ಅರ್ಧಕ್ಕರ್ಧ ಕಮ್ಮಿ ಆಯ್ತಲ್ವಾ?" ಅಂತಾರೆ. ಆಗಲಿಲ್ಲ. ರೇಬಿಪುರ್‌ನ ವೈರಸ್ಸನ್ನು ಕೋಳಿ ಭ್ರೂಣದ ಜೀವಕೋಶದಲ್ಲಿ ಬೆಳೆಸುತ್ತಾರೆ, ಅಭಯ್‌ರಾಬ್‌ನದ್ದನ್ನು ವೆರೋ ಜೀವಕೋಶದಲ್ಲಿ, ಅಂದರೆ ಕೋತಿಯ ಮೂತ್ರಪಿಂಡದಿಂದ ಬಂದ ಜೀವಕೋಶದಲ್ಲಿ. ಆಮೇಲೆ ಎರಡರಲ್ಲೂ ಅದನ್ನು ನಿಷ್ಕ್ರಿಯ ಮಾಡುತ್ತಾರೆ. ಒಂದು ಡೋಸ್‌ನಲ್ಲಿ ಕನಿಷ್ಠ 2.5 ಐಯು (ಲಸಿಕೆಯ ಶಕ್ತಿ ಅಳೆಯುವ ಅಂತರರಾಷ್ಟ್ರೀಯ ಮಾನ) ಶಕ್ತಿ ಇರಬೇಕು ಅನ್ನುವುದು ಎರಡಕ್ಕೂ ಒಂದೇ ನಿಯಮ. ಸಾಧ್ಯವಾದರೆ ಒಂದೇ ಬ್ರ್ಯಾಂಡ್ ಇರಲಿ, ಸಿಗದಿದ್ದರೆ ಬೇರೆಯದು ನಡೆಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಸರ್ಕಾರಿ ಆಸ್ಪತ್ರೆಗೆ ಹೋದರೆ ಲಸಿಕೆ ಉಚಿತ. ಅಲ್ಲಿ ಸಾಮಾನ್ಯವಾಗಿ ಚರ್ಮದೊಳಗೆ 0.1 ಎಂಎಲ್ ಮಾತ್ರ ಕೊಡುತ್ತಾರೆ. ಹಿಂದೆ ತೋಳಿನ ಸ್ನಾಯುವಿಗೆ ಹಾಕಿಸಿಕೊಂಡಿದ್ದವರಿಗೂ ಇದು ಆಗುತ್ತದೆ.

ಬ್ರ್ಯಾಂಡ್‌ಗಿಂತ ನಾನು ಜಾಸ್ತಿ ತಲೆಕೆಡಿಸಿಕೊಳ್ಳುವುದು ತಂಪಿನ ಬಗ್ಗೆ. ಲಸಿಕೆ 2ರಿಂದ 8 ಡಿಗ್ರಿ ಒಳಗೇ ಇರಬೇಕು. ಮಳೆಗಾಲದ ನಮ್ಮ ಕರೆಂಟ್ ನಿಮಗೇ ಗೊತ್ತಲ್ಲ! ಹೊರಗಿಂದ ತರಲು ಹೇಳಿದರೆ ಐಸ್ ಪ್ಯಾಕ್ ಕೇಳಿ ಪಡೆಯಿರಿ. ಲಸಿಕೆ ಜೇಬಿಗಿಟ್ಟುಕೊಂಡು ಬಸ್ ಹತ್ತುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಕಚ್ಚಿದ ಜಾಗವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದಿರಾ? ಇಲ್ಲವಾದರೆ ಈ ಉತ್ತರ ಬಿಟ್ಟು ಮೊದಲು ಅದನ್ನು ಮಾಡಿ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಹಚ್ಚಬೇಡಿ.

ಹಳೇ ಲಸಿಕೆ ಕಾರ್ಡ್ ಇದ್ದರೆ ತೆಗೆದುಕೊಂಡು ಹೋಗಿ. ಹಿಂದಿನ ಕೋರ್ಸ್ ಪೂರ್ತಿ ಆಗಿದೆ ಅಂತ ಖಚಿತವಾದರೆ ಎರಡೇ ಡೋಸ್ ಸಾಕು, ಇಮ್ಯುನೊಗ್ಲೋಬ್ಯುಲಿನ್ (ಗಾಯದ ಜಾಗಕ್ಕೆ ಕೊಡುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಬೇಕಾಗುವುದಿಲ್ಲ. ಕಾರ್ಡ್ ಕಳೆದಿದ್ದರೆ, ಅರ್ಧಕ್ಕೆ ಬಿಟ್ಟಿದ್ದರೆ, ಅಥವಾ ರೋಗನಿರೋಧಕ ಶಕ್ತಿ ಕಮ್ಮಿ ಮಾಡುವ ಕಾಯಿಲೆ, ಮಾತ್ರೆ ಇದ್ದರೆ ಲೆಕ್ಕ ಬದಲಾಗುತ್ತದೆ. ಅದನ್ನು ಡಾಕ್ಟರಿಗೆ ನೀವೇ ಹೇಳಿ. ಹಿಂದೆ ಹೊಟ್ಟೆಗೆ 14 ಇಂಜೆಕ್ಷನ್ ಚುಚ್ಚಿಸಿಕೊಂಡ ಹಿರಿಯರಿದ್ದಾರಲ್ಲ, ಆ ಹಳೇ ಲಸಿಕೆ ಈ ಲೆಕ್ಕಕ್ಕೆ ಬರುವುದಿಲ್ಲ. ಅವರು ಪೂರ್ತಿ ಕೋರ್ಸ್ ತೆಗೆದುಕೊಳ್ಳಬೇಕು.

ನಾಯಿ ಪರಿಚಯದ್ದು, ಚೆನ್ನಾಗೇ ಇದೆ, ಹತ್ತು ದಿನ ನೋಡೋಣ ಅಂತ ಕಾಯಬೇಡಿ. ಅದರ ಮೇಲೆ ಕಣ್ಣಿಡಿ, ಆದರೆ ಲಸಿಕೆ ಇವತ್ತೇ ಶುರುವಾಗಲಿ. ಮೊದಲ ಡೋಸ್‌ನ ದಿನವನ್ನು 0 ಅಂತ ಎಣಿಸುತ್ತಾರೆ, ಎರಡನೆಯದು 3ನೇ ದಿನ. ಸೋಮವಾರ ಹಾಕಿಸಿದರೆ ಮತ್ತೆ ಹೋಗಬೇಕಾದದ್ದು ಗುರುವಾರ, ಬುಧವಾರ ಅಲ್ಲ.