ಮಾದಾಪುರದ ಮೇಲೆ ಎಂಜಿನ್ ನಿಂತ ನಿಮ್ಮ ಕಥೆ ಬಗ್ಗೆ

ನಮಸ್ಕಾರ. ಕಥೆ ಓದಿದೆ. ಮೈಸೂರಿಂದ ಮಂಗಳೂರಿಗೆ ಹೊರಟ ಹಳೇ ಸೆಸ್ನಾ 172 ಅನ್ನೋ ಸಣ್ಣ ವಿಮಾನ, ಒಳಗೆ ಪೈಲಟ್ಟು ಮತ್ತೆ ಅವನ ಪ್ಲಾಂಟರ್ ಮಾವ, ಜುಲೈ ತಿಂಗಳು, ಕೊಡಗಿನ ಮಾದಾಪುರ ದಾಟೋವಾಗ ಎಂಜಿನ್ ಆಫ್, ಕೊನೆಗೆ ಗದ್ದೇಲಿ ಇಳಿದು ಇಬ್ರೂ ನಗ್ತಾ ಹೊರಗ್ ಬರ್ತಾರೆ. ವಿಷಯ ಚೆನ್ನಾಗಿದೆ, ಆದ್ರೆ ಈಗಿರೋ ಹಾಗೆ ಹಾಕಕ್ಕಾಗಲ್ಲ. ನೇರವಾಗೇ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ.

ಎತ್ತರ ತೋರಿಸೋ ಆಲ್ಟಿಮೀಟರ್ 2,000 ಅಡಿ ತೋರಿಸ್ತಿತ್ತು ಅಂದಿದೀರ. ಅದು ಸಮುದ್ರ ಮಟ್ಟದಿಂದ ಲೆಕ್ಕ. ಮಡಿಕೇರಿ ಊರೇ 3,800 ಅಡಿ ಹತ್ರ ಇದೆ, ಮುಂದಿರೋ ಪುಷ್ಪಗಿರಿ 5,600 ದಾಟತ್ತೆ, ಅಂದ್ರೆ ನಿಮ್ಮ ವಿಮಾನ ಕಾಫಿ ಗಿಡದ ಬೇರಿಗಿಂತ ಕೆಳಗೆ ಹಾರ್ತಾ ಇದೆ! 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧದ ಮೇಲೆ ಹೋರಾಡಿದ ಏರ್‌ಫೋರ್ಸ್ ಪೈಲಟ್ ಅಜ್ಜಮಾಡ ದೇವಯ್ಯನವರ ಜಿಲ್ಲೆ ಇದು, ಏರ್‌ಫೋರ್ಸಿಂದ ರಿಟೈರ್ ಆಗಿ ಬಂದು ತೋಟ ನೋಡ್ಕೊಂಡಿರೋ ಓದುಗರು ಮಾರನೇ ದಿನವೇ ಫೋನ್ ಮಾಡಿ ನನ್ನನ್ನ ವಿಚಾರಿಸ್ಕೋತಾರೆ.

ಬ್ಯಾಟರಿ ಡೌನ್ ಆಗಿ ಎಂಜಿನ್ ನಿಂತಿತು ಅಂದಿದೀರ, ಹಾಗೆ ನಿಲ್ಲಲ್ಲ. ಈ ಎಂಜಿನ್ನಲ್ಲಿ ತಾನೇ ಕರೆಂಟ್ ಹುಟ್ಟಿಸೋ ಮ್ಯಾಗ್ನೆಟೋ ಇರತ್ತೆ, ಎರಡೆರಡು, ಸ್ಪಾರ್ಕಿಗೆ ಬ್ಯಾಟರಿ ಬೇಡ. ಕಾರಣ ಬೇಕಾದ್ರೆ ಪೆಟ್ರೋಲಲ್ಲಿ ನೀರು ಸೇರೋದಿದೆ, ಇಲ್ಲಾ ಪೆಟ್ರೋಲು ಗಾಳಿ ಬೆರೆಸೋ ಕಾರ್ಬುರೇಟರ್ ಒಳಗೆ ಐಸ್ ಕಟ್ಟೋದಿದೆ. ಹೊರಗೆ 20 ಡಿಗ್ರಿ ಇದ್ರೂ ಗಾಳಿ ತೇವ ಇದ್ರೆ ಕಟ್ಟತ್ತೆ, ನಮ್ಮ ಮಳೆಗಾಲದ ಗಾಳಿಗಿಂತ ತೇವ ಇನ್ನೇನ್ ಬೇಕು.

ಈಗ ಮುಖ್ಯ ತಕರಾರು. ಎಂಜಿನ್ ನಿಂತ ತಕ್ಷಣ ವಿಮಾನ 'ಕಲ್ಲಿನಂತೆ' ಬಿತ್ತು ಅಂತೀರ, ಆಮೇಲೆ ಒಂದೂವರೆ ಪುಟ ಪೈಲಟ್ಟಿನ ಬಾಲ್ಯದ ನೆನಪು. ಅದು ಬೀಳಲ್ಲ ರೀ, ಜಾರತ್ತೆ, ಘಾಟ್ ರೋಡಲ್ಲಿ ಜೀಪನ್ನ ನ್ಯೂಟ್ರಲ್‌ಗೆ ಹಾಕಿ ಇಳಿಸಿದ ಹಾಗೆ. 65 ನಾಟ್, ಅಂದ್ರೆ ಗಂಟೆಗೆ 120 ಕಿಲೋಮೀಟರ್ ಆಸುಪಾಸು ಸ್ಪೀಡ್ ಹಿಡಿದ್ರೆ ಸಾವಿರ ಅಡಿ ಇಳಿಯೋದ್ರೊಳಗೆ ಎರಡೂವರೆ ಕಿಲೋಮೀಟರ್ ಮೇಲೇ ಹೋಗತ್ತೆ. ನೆಲದಿಂದ 3,000 ಅಡಿ ಮೇಲಿದಾನೆ ಅಂದ್ಕೊಳ್ಳಿ, ಕೈಯಲ್ಲಿರೋದು ನಾಲ್ಕು ನಿಮಿಷ, ಆ ನಾಲ್ಕು ನಿಮಿಷದಲ್ಲಿ ಮುಂದೆ ಬೆಟ್ಟ, ಕೆಳಗೆ ಸಿಲ್ವರ್ ಓಕು, ಹಿಂದೆ ಹಾರಂಗಿ ಹಿನ್ನೀರು, ನಡುನಡುವೆ ರಿಬ್ಬನ್ನಷ್ಟು ಗದ್ದೆ, ಗದ್ದೆಗೆ ಅಡ್ಡ ಕರೆಂಟ್ ಲೈನು, ಗಾಳಿ ಯಾವ ಕಡೆಯಿಂದ ಅಂತ ನೋಡ್ಬೇಕು, ಯಾವ ಟ್ಯಾಂಕಿಂದ ಪೆಟ್ರೋಲ್ ಬರ್ಬೇಕು ಅಂತ ಆರಿಸೋ ಫ್ಯೂಯಲ್ ಸೆಲೆಕ್ಟರ್ ಚೆಕ್ ಮಾಡ್ಬೇಕು, ಆ ಐಸ್ ಕರಗಿಸೋ ಕಾರ್ಬ್ ಹೀಟ್ ಎಳೀಬೇಕು, ರೇಡಿಯೋದಲ್ಲಿ ಮೂರು ಸಲ ಮೇಡೇ ಅಂತ ಅಪಾಯದ ಕರೆ ಕೊಡ್ಬೇಕು, ಇಳಿಯೋಕೆ ಮುಂಚೆ ಬಾಗಿಲು ಜಾಮ್ ಆಗದಿರ್ಲಿ ಅಂತ ಸ್ವಲ್ಪ ತೆಗೆದಿಡು ಅಂತ ಮಾವನಿಗೆ ಹೇಳ್ಬೇಕು. ಇಷ್ಟರಲ್ಲಿ ಯಾವ್ದನ್ನ ಬಿಟ್ಟ, ಯಾವ ಗದ್ದೆ ಆರಿಸ್ಕೊಂಡ, ಅಲ್ಲಿದೆ ಕಥೆ, ನೀವು ಅದನ್ನ 'ಹೇಗೋ ಗದ್ದೆಗೆ ಇಳಿಸಿದ' ಅಂತ ಮೂರು ಪದದಲ್ಲಿ ಮುಗಿಸಿದೀರ. ಬಾಲ್ಯ ಪೂರ್ತಿ ತೆಗೀರಿ.

ಜುಲೈ ಬಗ್ಗೆ. ನಾಟಿ ಗದ್ದೇಲಿ ನೀರು ನಿಂತಿರತ್ತೆ, ಚಕ್ರ ಹೂತು ವಿಮಾನ ಮಗುಚೋ ಸಾಧ್ಯತೆನೇ ಜಾಸ್ತಿ, ನಗ್ತಾ ಇಳಿಯೋ ಬದ್ಲು ಬೆಲ್ಟಲ್ಲಿ ತಲೆಕೆಳಗಾಗಿ ನೇತಾಡ್ತಾರೆ. ಪುತ್ತರಿ ಅನ್ನೋ ಸುಗ್ಗಿ ಹಬ್ಬ ಕಳೆದು ಕೊಯ್ಲಾದ ಮೇಲೆ, ಜನವರಿಗೆ ಇಟ್ರೆ ಒಣಗದ್ದೆ ಸಿಗತ್ತೆ. ನನ್ನ ಕೇಳಿದ್ರೆ ಜುಲೈನೇ ಇರ್ಲಿ. ಆದ್ರೆ ಘಾಟ್ ಮೇಲೆ ಮೋಡ ಕವಿದಿರೋವಾಗ ಇಂಥ ಸಣ್ಣ ವಿಮಾನ ತಗೊಂಡು ಯಾಕೆ ಹೊರಟ, ಮಾವ ಒತ್ತಾಯ ಮಾಡಿದ್ನಾ, ಇವನಿಗೇ ಜಂಬನಾ, ಅದನ್ನ ಬರೀಲೇಬೇಕು.

ಮಾವ "ಹೇ ಭಗವಂತ, ನಮ್ಮನ್ನು ರಕ್ಷಿಸು" ಅನ್ನೋದು ನಾಟಕದ ಡೈಲಾಗು. ಕೊಡವ ಪ್ಲಾಂಟರ್ ಬಾಯಲ್ಲಿ ಅವರ ದೇವರು ಇಗ್ಗುತಪ್ಪ ಬರ್ಬೋದು, ಬೈಗುಳ ಬರ್ಬೋದು. ಗದ್ದೆ ಯಜಮಾನ ಓಡಿ ಬಂದು ಹಾರ ಹಾಕೋದೂ ಬೇಡ, ಇಬ್ರೂ ಬದುಕಿದಾರೆ ಅಂತ ಗೊತ್ತಾದ ಮೇಲೆ ಅವನು ಕೇಳೋದು ನಾಟಿ ಹಾಳಾಗಿದ್ದಕ್ಕೆ ದುಡ್ಡು ಯಾರು ಕೊಡ್ತಾರೆ ಅಂತ.

ತಿದ್ದಿ ಮತ್ತೆ ಕಳ್ಸಿ, ಅರ್ಧಕ್ಕೆ ಇಳಿಸಿ. ದಯವಿಟ್ಟು ಟೈಪ್ ಮಾಡಿ, ನೋಟ್‌ಬುಕ್ಕಿನ ಫೋಟೋ ವಾಟ್ಸಾಪ್ ಮಾಡ್ಬೇಡಿ, ನಾಲ್ಕನೇ ಪುಟ ಇನ್ನೂ ಅರ್ಧ ಓದಕ್ಕಾಗಿಲ್ಲ.